ಹೊಕ್ಕಿದ್ದೆಲ್ಲ ಒಗ್ಗಿದ್ದಲ್ಲ

ಶಿವಮೊಗ್ಗದ ಶಸ್ತ್ರಾಗಾರದ ಬೀಗ ತೆಗೆದಾಗ ಬೆಳಗಿನ ನಾಲ್ಕೂವರೆ.
ಮೇಜಿನ ಮೇಲೆ ರಾತ್ರಿಯ ಚೀಟಿ:
ಎಸ್.ಎಲ್.ಆರ್. ಹತ್ತು, ಖಾಲಿ ತೋಟಾ ಮೂವತ್ತು,
ಸಾಗರ, ಗೌರವ ಮೂರು ಸುತ್ತು.
ಯಾರಿಗೆ ಅಂತ ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ.

ಆರ್ಮರರ್ ಸಿಲ್ವೆಸ್ಟರ್ ಲೋಬೋ.
ನಿವೃತ್ತಿಗೆ ಎಪ್ಪತ್ತೊಂದು ದಿನ ಬಾಕಿ,
ಆಗುಂಬೆ ಕ್ಯಾಂಪಿಗೆ ಪೆಟ್ಟಿಗೆ ಒಯ್ಯುತ್ತಿದ್ದ ಜೀಪು
ತಿರುವಿನಲ್ಲಿ ತಿರುಗಲಿಲ್ಲ.

ನಾನು ಸೇರಿದ ವರ್ಷ
ತಪಾಸಣೆಗೆ ಸಾಹೇಬರು ಬರುತ್ತಾರೆಂದು
ನಲವತ್ತೆಂಟು ತೋಟಾಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೆ,
ಗೌರಿ ಹಬ್ಬಕ್ಕೆ ಅವ್ವ ಚೊಂಬು ತಿಕ್ಕುವ ಹಾಗೆ.
ಸಾಲಾಗಿ ನಿಲ್ಲಿಸಿ, ಭೇಷ್ ಅನ್ನಿಸಿಕೊಳ್ಳಲು ಕಾದೆ.
ಲೋಬೋ ಒಂದನ್ನೆತ್ತಿ ಮೂಸಿದರು.
"ಏನೋ, ಸಾರು ಮಾಡ್ತೀಯೇನೋ?"

ಬೈಗುಳ ಅಷ್ಟೇ. ಆಮೇಲೆ ಸಂಜೆಯವರೆಗೆ ಪಾಠ.
ಕಪ್ಪಾಗಿದ್ದರೆ ಇರಲಿ, ಅದು ವಯಸ್ಸು, ಕಾಯಿಲೆಯಲ್ಲ;
ಕಿಲುಬು ಹಸಿರಾಗಿ ಕುಳಿ ತೋಡಿದ್ದರೆ ಕಾಯಿಲೆ.
ಹುಳಿ ತಿಂದ ಹಿತ್ತಾಳೆಯಲ್ಲಿ ಬಿರುಕು ಬಂದು ಕೂರುತ್ತೆ,
ನಿನ್ನ ಹೊಳಪು ಅದಕ್ಕೆ ಬಾಗಿಲು ಹಾಕುತ್ತೆ.
ಕಿವಿಯ ಹತ್ತಿರ ಅಲ್ಲಾಡಿಸು. ಕತ್ತು ಸವರು.
ತಳದ ಕೇಪು ಉಗುರಿಗೆ ತಡೆದರೆ
ಅದು ನಿನ್ನ ಬೆರಳಿಗೆ ಕಾಯುವುದಿಲ್ಲ,
ಬೋಲ್ಟು ಬಡಿದ ಏಟಿಗೇ ಹಾರಬಹುದು, ಇಡು ಪಕ್ಕಕ್ಕೆ.

ಚುನಾವಣೆಗೆಂದು ಠೇವಣಿಗೆ ಬಂದಿದ್ದ ಎಸ್ಟೇಟಿನ ಒಂದು ಗುಂಡು
ನಮ್ಮದರ ತದ್ರೂಪು.
"ಇದೂ ಹೊಕ್ಕುತ್ತಲ್ಲ ಸಾರ್?" ಅಂದೆ.
ನನ್ನ ಬೆರಳು ಹಿಡಿದು ತಮ್ಮ ಬಲ ಹುಬ್ಬಿನ ಮೇಲೆ ಇಟ್ಟುಕೊಂಡರು.
ಚರ್ಮದಡಿ ಅಕ್ಕಿಕಾಳಿನಷ್ಟು ಹಿತ್ತಾಳೆ
ಅತ್ತಿತ್ತ ಸರಿಯಿತು.
"ಇದೂ ಹೊಕ್ಕಿತ್ತು. ಹೊಕ್ಕಿದ್ದೆಲ್ಲ ಒಗ್ಗಿದ್ದಲ್ಲ ಮಾರಾಯ.
ಮುದಿ ರೈಫಲ್ಲು ಬೇಡ ಅನ್ನೋದಿಲ್ಲ, ಕೊಟ್ಟಿದ್ದು ನುಂಗುತ್ತೆ.
ಬೇಡ ಅನ್ನೋಕೆ ಅಂತಲೇ ನಮಗೆ ಸಂಬಳ."

ಈಗ ಮೂವತ್ತು ಆರಿಸುತ್ತಿದ್ದೇನೆ.
ಖಾಲಿ ತೋಟಾ, ಬಾಯಿ ಮೊಗ್ಗಿನಂತೆ ಮಡಿಚಿದ್ದು,
ಆದರೂ ನಡುವೆ ಒಂದೇ ಒಂದು ಜೀವಂತ ಗುಂಡು ಸೇರಿದ್ದರೆ
ಸಾವಿನ ಮನೆಗೆ ಇನ್ನೊಂದು ಸಾವು.
ದೀಪ ಆರಿಸಿದೆ. ಅವರ ಪದ್ಧತಿ:
ಕಣ್ಣು ಅವಸರ ಮಾಡುತ್ತೆ, ಹೆಬ್ಬೆರಳು ಮಾಡೋಲ್ಲ.
ಮೊಗ್ಗು. ಮೊಗ್ಗು. ಮೊಗ್ಗು.
ಬಿರುಕು, ಪಕ್ಕಕ್ಕೆ.
ಹನ್ನೆರಡಕ್ಕೆ ಲೆಕ್ಕ ತಪ್ಪಿತು. ಮೊದಲಿಂದ.

ಹೆಸರೇನೋ ತನ್ನನ್ನು ತಾನೇ ತುಂಬಿಕೊಳ್ಳುವ ಕೋವಿ.
ಮುಂದೆ ಗುಂಡಿದ್ದರೆ ಹೊಗೆ ಅದಕ್ಕೆ ಒರಗಿ
ಹಿಂದಕ್ಕೆ ತಳ್ಳುತ್ತೆ, ಇನ್ನೊಂದು ತಾನಾಗೇ ಬಂದು ಕೂರುತ್ತೆ.
ಖಾಲಿ ತೋಟಾಕ್ಕೆ ಒರಗಲು ಏನಿದೆ?
ಇಗರ್ಜಿಯ ಹಿಂದೆ ಹತ್ತು ಜನ ಹುಡುಗರು
ಪ್ರತಿ ಸುತ್ತಿಗೂ ಕೈಯಿಂದಲೇ ಎಳೆದರು.
ಮೂರನೆಯದಕ್ಕೆ ಒಬ್ಬನ ಕೈ ತಡವಾಯಿತು,
ಒಂಬತ್ತು ಸದ್ದು, ಆಮೇಲೆ ಒಂದು.
ಲೋಬೋ ಇದ್ದಿದ್ದರೆ ಅವನಿಗೆ ಮೈದಾನ ಐದು ಸುತ್ತು.

ಹುಲ್ಲಿನಲ್ಲಿ ಕೊಳವೆ ಹೆಕ್ಕಿದೆವು. ಇಪ್ಪತ್ತೊಂಬತ್ತು.
ಪಾದ್ರಿಗಳು ಪುಸ್ತಕದೊಳಗೆ ಬೆರಳಿಟ್ಟುಕೊಂಡು ನಿಂತರು.
ಶಿಲುಬೆಗಳ ಸಂದಿ, ಬೂಟುಗಳ ಕೆಳಗೆ, ಹೂವಿನ ಬುಟ್ಟಿಯಲ್ಲಿ.
ಲೋಬೋ ಹೆಂಡತಿ ಗ್ರೇಸಿಯಮ್ಮ ಮೊದಲು ಕಂಡವರು:
"ಅಗೋ, ಅಲ್ಲಿ."
ಗುಂಡಿಯ ತಳದಲ್ಲಿ, ಒಂದು ಮೂಲೆಯಲ್ಲಿ.
ಪೆಟ್ಟಿಗೆ ಇನ್ನೂ ಇಳಿಸಿರಲಿಲ್ಲ.
"ಇರಲಿ ಬಿಡಿ" ಅಂದರು ಸಬ್ ಇನ್ಸ್‌ಪೆಕ್ಟರು.
ಗ್ರೇಸಿಯಮ್ಮ ನನ್ನನ್ನೇ ನೋಡುತ್ತಿದ್ದರು.
ಇಳಿದೆ.

ರಾತ್ರಿ ರಿಜಿಸ್ಟರಿನಲ್ಲಿ ಮೂವತ್ತು ಎಂದು ಬರೆಯುವಾಗ
ಉಗುರಿನೊಳಗೆ ಸಾಗರದ ಕೆಂಪು ಮಣ್ಣು.
ತೊಳೆಯಲು ಎದ್ದವನು
ಮತ್ತೆ ಕೂತೆ.